‘ನಿಮ್ಮ ಖಾತೆ ಇಂದು ಬಂದ್ ಆಗಲಿದೆ’: ನಕಲಿ ಮೇಲ್‌ಗಳ ಬಗ್ಗೆ ನಮ್ಮ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಅಂಗಡಿ ಇದೆ. ಪಹಣಿ ತೆಗೆಸಲು, ಪರೀಕ್ಷೆ ಫೀ ಕಟ್ಟಲು ಬಂದವರು ಹೋಗುವ ಮುಂಚೆ ಮೊಬೈಲ್ ಚಾಚಿ, ‘ಅಣ್ಣ, ಇದೊಂದು ಮೇಲ್ ಬಂದಿದೆ, ನಿಜಾನಾ ನೋಡಿ’ ಅನ್ನುತ್ತಾರೆ. ದಿನಕ್ಕೆ ಒಬ್ಬರಾದರೂ ಇರುತ್ತಾರೆ. ಅವರು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಫಿಶಿಂಗ್ ಅಂದರೆ ಮೀನು ಹಿಡಿಯೋದಾ?

ಹೆಚ್ಚುಕಡಿಮೆ ಅದೇ. ನಕಲಿ ಮೇಲ್ ಕಳಿಸಿ ಪಾಸ್‌ವರ್ಡ್, ದುಡ್ಡು ಕದಿಯುವುದಕ್ಕೆ ಹೀಗೆನ್ನುತ್ತಾರೆ. 1990ರ ದಶಕದ ಮಧ್ಯದಲ್ಲಿ ಅಮೆರಿಕದ ಎಒಎಲ್ ಎಂಬ ಇಂಟರ್‌ನೆಟ್ ಕಂಪನಿಯ ಗ್ರಾಹಕರ ಪಾಸ್‌ವರ್ಡ್ ಕದಿಯುತ್ತಿದ್ದವರ ನಡುವೆ ಹುಟ್ಟಿದ ಪದ ಇದು. ಸ್ಪೆಲ್ಲಿಂಗ್ ಸ್ವಲ್ಪ ತಿರುಚಿದ್ದಾರೆ, ಅರ್ಥ ಗಾಳ ಹಾಕುವುದೇ. ಕೆರೆ ದಂಡೆಯಲ್ಲಿ ಗಾಳ ಹಿಡಿದು ಕೂತವನನ್ನು ನೋಡಿದ್ದೀರಲ್ಲ? ಯಾವ ಮೀನು ಬರುತ್ತದೆ ಎಂದು ಅವನಿಗೆ ಗೊತ್ತಿಲ್ಲ. ಎರೆಹುಳು ಚೆನ್ನಾಗಿದ್ದರೆ ಯಾವುದೋ ಒಂದು ಬಂದೇ ಬರುತ್ತದೆ. ಇಲ್ಲಿ ಎರೆಹುಳು ಅಂದರೆ ನೀವು ನಂಬಿರುವ ಹೆಸರು. ಬ್ಯಾಂಕ್, ಅಂಚೆ ಇಲಾಖೆ, ಅಮೆಜಾನ್, ನೆಟ್‌ಫ್ಲಿಕ್ಸ್, ಆದಾಯ ತೆರಿಗೆ ಇಲಾಖೆ. ಕೇಳದ ಹೆಸರಲ್ಲಿ ಬಂದರೆ ಯಾರೂ ಬಾಯಿ ಹಾಕುವುದಿಲ್ಲ, ಅಲ್ವಾ?

ಮೇಲ್‌ನಲ್ಲಿ ಬ್ಯಾಂಕಿನ ಲೋಗೋ ಇದೆ, ಹೆಸರೂ ಇದೆ. ಅದು ಸುಳ್ಳು ಹೇಗಾಗುತ್ತದೆ?

ಲೋಗೋ ನಕಲು ಮಾಡಲು ಒಂದು ನಿಮಿಷವೂ ಬೇಡ. ಇನ್ನು ಹೆಸರು. ಮೇಲ್‌ನ ತಲೆಯಲ್ಲಿ ದಪ್ಪಗೆ ಕಾಣುವ ಹೆಸರನ್ನು ಕಳಿಸುವವನೇ ಟೈಪ್ ಮಾಡುತ್ತಾನೆ. ಅಂಚೆ ಕವರ್ ಮೇಲೆ ‘ಇಂದ: ಜಿಲ್ಲಾಧಿಕಾರಿ ಕಚೇರಿ, ಕೋಲಾರ’ ಎಂದು ನಾನೂ ಬರೆದು ಡಬ್ಬಿಗೆ ಹಾಕಬಹುದು. ಅಂಚೆಯಣ್ಣ ಅದನ್ನು ತಂದುಕೊಡುತ್ತಾನೆ, ನನ್ನ ಹತ್ತಿರ ಗುರುತಿನ ಚೀಟಿ ಕೇಳುವುದಿಲ್ಲ.

ಅದಕ್ಕೆ ಹೆಸರಿನ ಹಿಂದೆ ಇರುವ ವಿಳಾಸ ನೋಡಬೇಕು. ಮೊಬೈಲ್‌ನ ಜಿಮೇಲ್‌ನಲ್ಲಿ ಕಳಿಸಿದವರ ಹೆಸರಿನ ಕೆಳಗೆ ಸಣ್ಣ ಬಾಣದ ಗುರುತು ಇರುತ್ತದೆ. ಅದನ್ನು ಒತ್ತಿದರೆ ಪೂರ್ತಿ ವಿಳಾಸ ಬಿಚ್ಚಿಕೊಳ್ಳುತ್ತದೆ. ಬ್ಯಾಂಕಿನ ಹೆಸರು ಹೇಳಿಕೊಂಡು ಸಾದಾ ಜಿಮೇಲ್ ವಿಳಾಸದಿಂದ ಬಂದಿದ್ದರೆ ಅಲ್ಲಿಗೇ ಮುಗಿಯಿತು.

ವಿಳಾಸ ನೋಡಿದೆ. ಅದರಲ್ಲೂ ಬ್ಯಾಂಕಿನ ಹೆಸರಿದೆಯಲ್ಲ?

ಎಲ್ಲರೂ ಎಡವುವುದು ಇಲ್ಲೇ. ಹೆಸರು ಇದೆಯಾ ಅಂತ ಅಲ್ಲ, ಎಲ್ಲಿದೆ ಅಂತ ನೋಡಬೇಕು.

ನಮ್ಮ ಮನೆ ವಿಳಾಸ ಹೇಗೆ ಬರೆಯುತ್ತೇವೆ? ಮನೆ ನಂಬರ್, ಬೀದಿ, ಊರು, ತಾಲ್ಲೂಕು, ಜಿಲ್ಲೆ. ಕೊನೆಗೆ ಬರುವುದೇ ದೊಡ್ಡದು. ವೆಬ್ ವಿಳಾಸವೂ ಹಾಗೆಯೇ. ಶುರುವಿನ ಎರಡು ಓರೆಗೆರೆ (//) ಬಿಟ್ಟುಬಿಡಿ. ಅದಾದ ಮೇಲೆ ಬರುವ ಮೊದಲ ಓರೆಗೆರೆವರೆಗೆ ಹೋಗಿ. ಅಲ್ಲಿಂದ ಹಿಂದಕ್ಕೆ, ಬಲದಿಂದ ಎಡಕ್ಕೆ ಓದಿ. ಮೇಲ್ ವಿಳಾಸವಾದರೆ ಅಟ್ ಗುರುತಿನ ನಂತರದ್ದನ್ನು ಹೀಗೇ ಕೊನೆಯಿಂದ ಓದಿ.

ಸ್ಟೇಟ್ ಬ್ಯಾಂಕಿನ ನಿಜವಾದ ವಿಳಾಸ ‘ಎಸ್‌ಬಿಐ ಡಾಟ್ ಬ್ಯಾಂಕ್ ಡಾಟ್ ಇನ್’. ಮೋಸಗಾರ ಹೀಗೆ ಬರೆಯುತ್ತಾನೆ: ‘ಎಸ್‌ಬಿಐ ಡಾಟ್ ಬ್ಯಾಂಕ್ ಡಾಟ್ ಇನ್ ಡಾಟ್ ಯಾವುದೋ-ಹೆಸರು ಡಾಟ್ ಟಾಪ್’. ಶುರುವಿನ ಭಾಗ ನೋಡಿ ನಾವು ನಂಬಿಬಿಡುತ್ತೇವೆ. ಮಾಲೀಕ ಇರುವುದು ಕೊನೆಯಲ್ಲಿ, ಆ ‘ಯಾವುದೋ-ಹೆಸರು’. ಬೆಂಗಳೂರಿಗೆ ಹೋಗುವಾಗ ಕೆ.ಆರ್.ಪುರದಲ್ಲಿ ‘ಹಳೇ ಮದ್ರಾಸ್ ರಸ್ತೆ’ ಎಂಬ ಬೋರ್ಡ್ ಕಾಣುತ್ತದೆ. ಅಷ್ಟಕ್ಕೇ ಮದ್ರಾಸ್ ಬಂತು ಎಂದು ಯಾರಾದರೂ ಬಸ್ ಇಳಿಯುತ್ತಾರಾ?

ಈಚೆಗೆ ಒಂದು ಅನುಕೂಲ ಆಗಿದೆ. ಭಾರತದ ಬ್ಯಾಂಕ್‌ಗಳೆಲ್ಲ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ 2025ರ ಅಕ್ಟೋಬರ್ 31ರೊಳಗೆ ಬದಲಾಗಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಆ ಬಾಲವನ್ನು ಸುಮ್ನೆ ಯಾರೋ ದುಡ್ಡು ಕೊಟ್ಟು ಕೊಳ್ಳಲು ಆಗುವುದಿಲ್ಲ. ಹಾಗೆಯೇ ‘ಜಿಒವಿ ಡಾಟ್ ಇನ್’ ಎಂದು ಮುಗಿಯುವುದು ಸರ್ಕಾರಕ್ಕೆ ಮಾತ್ರ. ಆದರೆ ಚುಕ್ಕಿ ಇರಬೇಕಾದ ಕಡೆ ಅಡ್ಡಗೆರೆ ಇದ್ದರೆ ಅದು ಬೇರೆಯೇ ವಿಳಾಸ. ‘ಬ್ಯಾಂಕ್-ಇನ್ ಡಾಟ್ ಕಾಮ್’ ಯಾರದ್ದು ಬೇಕಾದರೂ ಆಗಿರಬಹುದು.

ಅಕ್ಷರದ ಆಟ ಬೇರೆ. ಇಂಗ್ಲಿಷಿನ ಆರ್ ಪಕ್ಕ ಎನ್ ಬರೆದರೆ ಸಣ್ಣ ಸ್ಕ್ರೀನ್‌ನಲ್ಲಿ ಎಂ ಥರ ಕಾಣುತ್ತದೆ. ಎಲ್ ಜಾಗದಲ್ಲಿ ಒಂದು ಎಂಬ ಅಂಕಿ, ಒ ಜಾಗದಲ್ಲಿ ಸೊನ್ನೆ. ರಷ್ಯನ್ ಲಿಪಿಯಲ್ಲಿ ಎ ಥರದ್ದೇ ಒಂದು ಅಕ್ಷರ ಇದೆ, ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ನಮ್ಮಲ್ಲಿ ದ, ಧ, ಥ ಮೂರನ್ನೂ ಅಂಗಡಿ ಬೋರ್ಡ್‌ಗಳಲ್ಲಿ ಅದಲುಬದಲು ಬರೆದರೂ ನಾವು ಸರಿಯಾಗಿಯೇ ಓದಿಕೊಂಡು ಹೋಗುತ್ತೇವಲ್ಲ, ಹಾಗೆ. ಕಣ್ಣು ತನಗೆ ಗೊತ್ತಿರುವುದನ್ನೇ ಓದುತ್ತದೆ.

ವಿಳಾಸದ ಪಕ್ಕ ಬೀಗದ ಗುರುತಿದ್ದರೆ ಸೇಫ್ ಅಂತಾರೆ?

ಇಲ್ಲ. ದಾರಿಯಲ್ಲಿ ಮೂರನೆಯವರು ಕದ್ದು ಓದುವುದಿಲ್ಲ ಅಂತ ಮಾತ್ರ ಆ ಬೀಗ ಹೇಳುತ್ತದೆ. ಆ ತುದಿಯಲ್ಲಿ ಕೂತವನು ಸಾಚಾ ಅಂತ ಅಲ್ಲ. ಕಳ್ಳರ ಸೈಟ್‌ಗಳಿಗೂ ಬೀಗ ಪುಕ್ಕಟೆಯಾಗಿ ಸಿಗುತ್ತದೆ. ಜನ ಇದನ್ನು ತಪ್ಪಾಗಿ ತಿಳಿಯುತ್ತಾರೆ ಎಂದೇ ಕ್ರೋಮ್ 2023ರಲ್ಲಿ ಬೀಗದ ಚಿತ್ರ ತೆಗೆದು ಬೇರೆ ಗುರುತು ಹಾಕಿತು.

ಸ್ಪೆಲ್ಲಿಂಗ್ ತಪ್ಪಿದ್ದರೆ ಮೋಸ ಅಂತ ಕೇಳಿದ್ದೆ.

ಅದು ಹಳೇ ಕಾಲದ ಮಾತು. ಈಗ ಎಐಗೆ ಹೇಳಿದರೆ ತಪ್ಪಿಲ್ಲದ ಇಂಗ್ಲಿಷ್ ಬರೆಯುತ್ತದೆ, ಚೊಕ್ಕ ಕನ್ನಡವನ್ನೂ ಬರೆಯುತ್ತದೆ. ಭಾಷೆಗಿಂತ ಅವಸರ ನೋಡಿ. ‘24 ಗಂಟೆಯೊಳಗೆ’, ‘ಇದೇ ಕೊನೆಯ ಎಚ್ಚರಿಕೆ’, ‘ಇಂದು ರಾತ್ರಿ ಬಂದ್’. ಯೋಚಿಸಲು ಬಿಡಬಾರದು, ಅಷ್ಟೇ ಅವರ ಲೆಕ್ಕ.

ನಿಜವಾದ ಮೇಲ್ ಕೂಡ ಅನುಮಾನ ಬರುವ ಹಾಗೆ ಇರುತ್ತದಾ?

ಇರುತ್ತದೆ, ಮತ್ತು ಇದನ್ನು ಯಾರೂ ಹೇಳುವುದಿಲ್ಲ. ಫೇಸ್‌ಬುಕ್ ತನ್ನ ಸೂಚನೆಗಳನ್ನು ‘ಫೇಸ್‌ಬುಕ್‌ಮೇಲ್ ಡಾಟ್ ಕಾಮ್’ ಎಂಬ ವಿಳಾಸದಿಂದ ಕಳಿಸುತ್ತದೆ. ನೋಡಿದರೆ ಅಪ್ಪಟ ನಕಲಿ ಅನ್ನಿಸುತ್ತದೆ. ಅದು ಅಸಲಿ. ಆದಾಯ ತೆರಿಗೆಯ ಬೆಂಗಳೂರು ಕೇಂದ್ರದಿಂದ ಬರುವ ಲೆಕ್ಕದ ಪತ್ರಕ್ಕೆ ಪಾಸ್‌ವರ್ಡ್ ಹಾಕಿರುತ್ತಾರೆ. ಪಾನ್ ನಂಬರ್ ಸಣ್ಣ ಅಕ್ಷರದಲ್ಲಿ, ಅದಕ್ಕೆ ಅಂಟಿಸಿ ಹುಟ್ಟಿದ ತಾರೀಖು ಹಾಕಿದರೆ ತೆರೆಯುತ್ತದೆ. ‘ಅಟ್ಯಾಚ್‌ಮೆಂಟ್ ತೆರೆಯಬೇಡಿ’ ಎಂದು ಊರೆಲ್ಲ ಹೇಳುವಾಗ ಇಲಾಖೆಯೇ ಹೀಗೆ ಕಳಿಸಿದರೆ ಪಾಪ, ಜನ ಏನು ಮಾಡಬೇಕು?

ಇದಕ್ಕೆ ಉಲ್ಟಾ ಕೂಡ ಇದೆ. 2025ರ ಏಪ್ರಿಲ್‌ನಲ್ಲಿ ಗೂಗಲ್‌ನದೇ ‘ನೋ-ರಿಪ್ಲೈ’ ವಿಳಾಸದಿಂದ, ಗೂಗಲ್‌ನದೇ ಡಿಜಿಟಲ್ ಸಹಿ ಸಮೇತ ಬಂದ ಒಂದು ಮೋಸದ ಮೇಲ್ ಬಯಲಾಯಿತು. ಗೂಗಲ್ ಸಹಿ ಹಾಕಿ ಕಳಿಸಿದ್ದ ಸಂದೇಶವನ್ನೇ ಕಳ್ಳರು ಹಾಗೆಯೇ ಬೇರೆಯವರಿಗೆ ದಾಟಿಸಿದ್ದರು. ಲಿಂಕ್ ಒತ್ತಿದರೆ ಹೋಗುತ್ತಿದ್ದದ್ದು, ಯಾರು ಬೇಕಾದರೂ ಪುಟ ಕಟ್ಟಬಹುದಾದ ಗೂಗಲ್ ಸೈಟ್ಸ್‌ನಲ್ಲಿ ಕಟ್ಟಿದ್ದ ನಕಲಿ ಪುಟಕ್ಕೆ. ವಿಳಾಸ ಓದುವುದರಲ್ಲಿ ಪಳಗಿದವರೂ ಅಲ್ಲಿ ಬೇಸ್ತು ಬೀಳುತ್ತಿದ್ದರು.

ಹಾಗಾದರೆ ಪ್ರತಿ ಮೇಲ್‌ಗೂ ಇಷ್ಟೆಲ್ಲ ಪರೀಕ್ಷೆ ಮಾಡಬೇಕಾ?

ಬೇಡ. ನನ್ನನ್ನು ಕೇಳಿದರೆ ಮೇಲ್ ನಿಜವೋ ಸುಳ್ಳೋ ಎಂದು ತೀರ್ಪು ಕೊಡುವ ಕೆಲಸವೇ ನಮಗೆ ಬೇಡ. ಮೇಲ್ ಹೇಳಿದ ಸುದ್ದಿ ಕೇಳಿಸಿಕೊಳ್ಳಿ, ಮೇಲ್ ತೋರಿಸಿದ ದಾರಿಯಲ್ಲಿ ಹೋಗಬೇಡಿ.

ಅಮೆಜಾನ್ ಆರ್ಡರ್‌ಗೆ ತೊಂದರೆ ಅಂತಾರಾ? ಮೇಲ್ ಮುಚ್ಚಿ, ಆ್ಯಪ್ ತೆರೆದು ‘ನಿಮ್ಮ ಆರ್ಡರ್‌ಗಳು’ ನೋಡಿ. ನೆಟ್‌ಫ್ಲಿಕ್ಸ್ ದುಡ್ಡು ಕಟ್ಟಿಲ್ಲ ಅಂತಾರಾ? ಟಿವಿ ಹಾಕಿ ನೋಡಿ, ಸಿನಿಮಾ ಓಡುತ್ತಿದ್ದರೆ ಗಲಾಟೆ ಏನಿದೆ? ಜಿಮೇಲ್ ಜಾಗ ತುಂಬಿದೆ, ಫೋಟೋಗಳೆಲ್ಲ ಅಳಿಸಿಹೋಗುತ್ತವೆ ಅಂತಾರಾ? ಪುಕ್ಕಟೆ ಕೊಡುವ 15 ಜಿಬಿಯಲ್ಲಿ ಎಷ್ಟು ಬಳಸಿದ್ದೀರಿ ಎಂಬುದು ನಿಮ್ಮ ಖಾತೆಯಲ್ಲೇ ಕಾಣುತ್ತದೆ. ಬ್ಯಾಂಕ್ ಆದರೆ ಕಾರ್ಡಿನ ಹಿಂದಿರುವ ನಂಬರ್‌ಗೆ ಫೋನ್ ಮಾಡಿ. ಗೂಗಲ್‌ನಲ್ಲಿ ‘ಕಸ್ಟಮರ್ ಕೇರ್’ ಅಂತ ಹುಡುಕಬೇಡಿ. ಕಳ್ಳರು ತಮ್ಮ ನಂಬರ್‌ಗಳನ್ನು ಅಲ್ಲೂ ಬಿತ್ತಿರುತ್ತಾರೆ.

ಹೀಗೆ ಮಾಡಿದರೆ ಮೇಲ್ ಸುಳ್ಳಾಗಿದ್ದರೆ ನೀವು ಬಚಾವ್. ನಿಜವಾಗಿದ್ದರೆ ಕೆಲಸವೂ ಆಯಿತು.

ಆದಾಯ ತೆರಿಗೆ ರಿಫಂಡ್ ಬಂದಿದೆ, ಖಾತೆ ನಂಬರ್ ಕೊಡಿ ಅಂತ ಮೇಲ್ ಬಂದಿದೆ.

ಇಂಥವು ಜುಲೈ, ಆಗಸ್ಟ್‌ನಲ್ಲಿ ಜಾಸ್ತಿ. ರಿಟರ್ನ್ಸ್ ಹಾಕುವ ಕಾಲ, ಎಲ್ಲರೂ ರಿಫಂಡ್ ಕಾಯುತ್ತಿರುತ್ತಾರೆ. ನಿಜವಾದ ರಿಫಂಡ್ ನೀವು ಪೋರ್ಟಲ್‌ನಲ್ಲಿ ಮೊದಲೇ ದೃಢಪಡಿಸಿದ ಖಾತೆಗೆ ತಾನಾಗಿ ಬರುತ್ತದೆ. ಅದಕ್ಕೆ ಕಾರ್ಡ್ ನಂಬರ್, ಪಿನ್ ಯಾವುದೂ ಬೇಡ. ನೋಟಿಸ್ ಅಂತ ಬಂದಿದ್ದರೆ ಅದರ ಮೇಲೆ ಡಿಐಎನ್ ಎಂಬ ದಾಖಲೆ ಸಂಖ್ಯೆ ಇರಬೇಕು. 2019ರ ಅಕ್ಟೋಬರ್ 1ರಿಂದ ಈ ಪದ್ಧತಿ ಇದೆ. ‘ಇನ್‌ಕಮ್‌ಟ್ಯಾಕ್ಸ್ ಡಾಟ್ ಜಿಒವಿ ಡಾಟ್ ಇನ್’ ಪೋರ್ಟಲ್‌ನಲ್ಲಿ ಲಾಗಿನ್ ಆಗದೆಯೇ ಆ ಸಂಖ್ಯೆ ಹಾಕಿ ನೋಟಿಸ್ ಅಸಲಿಯೋ ಅಲ್ಲವೋ ನೋಡಬಹುದು.

ನನ್ನ ಮಗನಿಗೆ ನರಸಾಪುರದ ಕಂಪನಿಯಿಂದ ಆಫರ್ ಲೆಟರ್ ಬಂದಿದೆ. 3,500 ರೂಪಾಯಿ ಕಟ್ಟಬೇಕಂತೆ.

ಕಟ್ಟಬೇಡಿ. ಈ ಮಾತು ಹೇಳುವಾಗ ನನಗೆ ನಿಜಕ್ಕೂ ಕಷ್ಟವಾಗುತ್ತದೆ. ಲೆಟರ್ ಪ್ರಿಂಟ್ ತೆಗೆಸಲು ಬಂದ ಅಪ್ಪನ ಮುಖದಲ್ಲಿ ಅಷ್ಟು ಸಂತೋಷ ಇರುತ್ತದೆ.

ನರಸಾಪುರ, ವೇಮಗಲ್ ಕಡೆ ದೊಡ್ಡ ಕಾರ್ಖಾನೆಗಳು ಬಂದ ಮೇಲೆ ಐಟಿಐ, ಡಿಪ್ಲೊಮಾ ಮಾಡಿದ ನಮ್ಮ ಹುಡುಗ ಹುಡುಗಿಯರಿಗೆಲ್ಲ ಅಲ್ಲೇ ಕಣ್ಣು. ಕಳ್ಳರಿಗೂ ಅದು ಗೊತ್ತು. ಲೆಟರ್‌ನಲ್ಲಿ ಕಂಪನಿಯ ಲೋಗೋ, ಸೀಲು, ಸಂಬಳದ ಪಟ್ಟಿ ಎಲ್ಲ ಇರುತ್ತದೆ. ಕೊನೆಯ ಸಾಲಿನಲ್ಲಿ ‘ಯೂನಿಫಾರಂ ಠೇವಣಿ’, ‘ತರಬೇತಿ ಶುಲ್ಕ, ಆಮೇಲೆ ವಾಪಸ್’. ಕೆಲಸ ಕೊಡುವವನು ದುಡ್ಡು ಕೊಡುತ್ತಾನೆ, ಕೇಳುವುದಿಲ್ಲ. ಕಟ್ಟಬೇಕಾದ ಯುಪಿಐ ಐಡಿ ಕಂಪನಿಯ ಹೆಸರಲ್ಲಿದೆಯಾ, ಯಾರೋ ಒಬ್ಬ ವ್ಯಕ್ತಿಯ ಹೆಸರಲ್ಲಿದೆಯಾ? ಇಂಟರ್‌ವ್ಯೂ ಆಗಿತ್ತಾ? ಬರೀ ವಾಟ್ಸಾಪ್‌ನಲ್ಲಿ ನಾಲ್ಕು ಪ್ರಶ್ನೆ ಕೇಳಿದ್ದಾ? ಅನುಮಾನ ಉಳಿದರೆ ಬಸ್ ಹತ್ತಿ ಹೋಗಿ ಗೇಟ್‌ನಲ್ಲಿ ವಿಚಾರಿಸಿ. ಕೋಲಾರದಲ್ಲಿರುವ ನಮಗೆ ಆ ಒಂದು ಅನುಕೂಲ ಇದೆ, ಕಂಪನಿ ಇಲ್ಲೇ ಪಕ್ಕದಲ್ಲಿದೆ.

ಇನ್ನೊಂದು ವಿಷಯ. ಅಂಥ ಮೇಲ್‌ಗೆ ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಎಲ್ಲ ಸ್ಕ್ಯಾನ್ ಮಾಡಿ ಕಳಿಸಿರುತ್ತಾರೆ. ದುಡ್ಡು ಕಟ್ಟದಿದ್ದರೂ ಅಷ್ಟು ಕಾಗದ ಕಳ್ಳನ ಕೈಗೆ ಹೋಯಿತು. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಸಿ, ಖಾತೆ ಮೇಲೆ ಕಣ್ಣಿಡಿ.

ನಾನು ಟೊಮೆಟೊ ಮಂಡಿ ನಡೆಸುತ್ತೇನೆ. ಇಂಥ ಮೇಲ್ ನನಗ್ಯಾಕೆ ಬರುತ್ತದೆ?

ದುಡ್ಡು ಓಡಾಡುವ ಕಡೆ ಅವರೂ ಓಡಾಡುತ್ತಾರೆ. 2023ರ ಜುಲೈನಲ್ಲಿ ನಮ್ಮ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿದ್ದು ಮರೆತಿಲ್ಲ ತಾನೇ? ಅಂಥ ಸೀಸನ್‌ನಲ್ಲಿ ಮಂಡಿಯವರಿಗೆ ಮೇಲ್ ಓದುವಷ್ಟು ಪುರುಸೊತ್ತು ಇರುವುದಿಲ್ಲ, ಖಾತೆಯಲ್ಲಿ ದುಡ್ಡು ಮಾತ್ರ ಓಡುತ್ತಿರುತ್ತದೆ.

ವ್ಯಾಪಾರಿಗಳಿಗೆ ಬರುವ ಮೋಸದಲ್ಲಿ ಲಿಂಕೇ ಇರುವುದಿಲ್ಲ. ನೀವು ವರ್ಷಗಳಿಂದ ವ್ಯವಹಾರ ಮಾಡುವ ಕ್ರೇಟ್ ಕಂಪನಿಯೋ ಬೀಜದ ಕಂಪನಿಯೋ ಕಳಿಸಿದ ಹಾಗೆ ಒಂದು ಸಾಲು ಬರುತ್ತದೆ: ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಬಾರಿಯ ಬಿಲ್ ಇದಕ್ಕೆ ಹಾಕಿ.’ ಬಿಲ್ ನಿಜ, ಮೊತ್ತ ನಿಜ, ಖಾತೆ ನಂಬರ್ ಮಾತ್ರ ಕಳ್ಳನದು. ಎಷ್ಟೋ ಸಲ ಆ ಕಂಪನಿಯವರ ಮೇಲ್ ಖಾತೆಯೇ ಕಳ್ಳರ ಕೈಯಲ್ಲಿರುತ್ತದೆ. ಆಗ ವಿಳಾಸವೂ ಅಸಲಿಯೇ. ಇದಕ್ಕಿರುವ ಮದ್ದು ಒಂದೇ. ಖಾತೆ ನಂಬರ್ ಬದಲಾಯಿತು ಅಂದರೆ ನಿಮ್ಮ ಹಳೇ ಡೈರಿಯಲ್ಲಿರುವ ನಂಬರ್‌ಗೆ ಫೋನ್ ಮಾಡಿ, ಪರಿಚಯದ ದನಿ ಕೇಳಿ, ಆಮೇಲೆ ಹಾಕಿ. ಆ ಮೇಲ್‌ನಲ್ಲಿ ಕೊಟ್ಟ ನಂಬರ್‌ಗಲ್ಲ.

ಅಟ್ಯಾಚ್‌ಮೆಂಟ್, ಕ್ಯೂಆರ್ ಕೋಡ್?

‘ಎಪಿಕೆ’ ಎಂದು ಮುಗಿಯುವ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಮೇಲ್‌ನಲ್ಲಿ ಬರಲಿ, ವಾಟ್ಸಾಪ್‌ನಲ್ಲಿ ಬರಲಿ, ಮುಟ್ಟಬೇಡಿ. ಸಾರಿಗೆ ಚಲನ್, ಪಿಎಂ ಕಿಸಾನ್ ಹೆಸರಲ್ಲೆಲ್ಲ ಬರುತ್ತಿವೆ. ಒಮ್ಮೆ ಇನ್‌ಸ್ಟಾಲ್ ಆದರೆ ನಿಮ್ಮ ಎಸ್‌ಎಂಎಸ್‌ಗಳನ್ನು ಅದೇ ಓದುತ್ತದೆ, ಒಟಿಪಿ ಸಮೇತ. ಕ್ಯೂಆರ್ ಕೋಡ್ ಅಂದರೆ ಮುಖ ಮುಚ್ಚಿಕೊಂಡ ಲಿಂಕ್, ಬೇರೇನಲ್ಲ. ಪಾಸ್‌ವರ್ಡ್ ಕೇಳುವ ಗೂಗಲ್ ಫಾರಂ ಬಂದರೆ ಕೆಳಗಿನವರೆಗೆ ಓದಿ. ಇಲ್ಲಿ ಪಾಸ್‌ವರ್ಡ್ ಬರೆಯಬೇಡಿ ಎಂದು ಗೂಗಲ್ ತಾನೇ ಬರೆದಿರುತ್ತದೆ. ಕಳ್ಳನಿಗೆ ಅದನ್ನು ಅಳಿಸಲು ಆಗುವುದಿಲ್ಲ, ಪಾಪ.

ಒಟಿಪಿ ಇರುವಾಗ ಪಾಸ್‌ವರ್ಡ್ ಹೋದರೆ ಏನಂತೆ?

ನಾನೂ ಹಾಗೇ ಅಂದುಕೊಂಡಿದ್ದೆ. ಒಮ್ಮೆ ಅಂಗಡಿಗೆ ಪ್ರಿಂಟರ್ ಟೋನರ್ ತರಿಸಿದ್ದೆ. ಅದೇ ವಾರ ಒಂದು ಕೊರಿಯರ್ ಕಂಪನಿ ಹೆಸರಲ್ಲಿ ಮೇಲ್ ಬಂತು. ವಿಳಾಸ ಸರಿಯಿಲ್ಲ, ಮತ್ತೆ ಕಳಿಸಲು 25 ರೂಪಾಯಿ ಕಟ್ಟಿ ಅಂತ. ಪಾರ್ಸೆಲ್ ಕಾಯುತ್ತಿದ್ದೆನಲ್ಲ, ಅನುಮಾನವೇ ಬರಲಿಲ್ಲ. ಬರೀ 25 ರೂಪಾಯಿ ಬೇರೆ. ಅಂಗಡಿ ತುಂಬ ಜನ, ಒಂದು ಕೈಯಲ್ಲಿ ಜೆರಾಕ್ಸ್, ಇನ್ನೊಂದು ಕೈಯಲ್ಲಿ ಕಾರ್ಡ್ ನಂಬರ್ ಒತ್ತಿದೆ. ಒಟಿಪಿ ಬಂತು. ಟೈಪ್ ಮಾಡುವ ಮುಂಚೆ ಯಾಕೋ ಆ ಮೆಸೇಜ್ ಪೂರ್ತಿ ಓದಿದೆ. 24,500 ರೂಪಾಯಿ ಅಂತ ಇತ್ತು. ಕೈ ತಣ್ಣಗಾಯಿತು. ಊರಿಗೆಲ್ಲ ಬುದ್ಧಿ ಹೇಳುವವನು ನಾನು!

ಒಟಿಪಿ ಮೆಸೇಜ್‌ನಲ್ಲಿ ಆರು ಅಂಕಿ ಮಾತ್ರ ಇರುವುದಲ್ಲ. ಎಷ್ಟು ದುಡ್ಡು, ಯಾರಿಗೆ ಎಂಬುದೂ ಇರುತ್ತದೆ. ಓದಿ. ಲಾಗಿನ್ ಒಟಿಪಿಯ ಕಥೆ ಇನ್ನೂ ಕಷ್ಟ. ನಕಲಿ ಪುಟದಲ್ಲಿ ನೀವು ಟೈಪ್ ಮಾಡಿದ್ದನ್ನು ಕಳ್ಳನ ಕಂಪ್ಯೂಟರ್ ಅದೇ ಕ್ಷಣ ಅಸಲಿ ಸೈಟ್‌ಗೆ ಹಾಕಿ ಒಳಗೆ ಹೋಗಿಬಿಡುತ್ತದೆ. ಇದಕ್ಕೆ ಪಾಸ್‌ಕೀ ಒಳ್ಳೆಯದು. ಬೆರಳಚ್ಚಿನಿಂದಲೋ ಫೋನ್ ಪಿನ್‌ನಿಂದಲೋ ಲಾಗಿನ್ ಆಗುವ ವ್ಯವಸ್ಥೆ ಅದು. ಅಸಲಿ ವಿಳಾಸದಲ್ಲಿ ಮಾತ್ರ ಕೆಲಸ ಮಾಡುತ್ತದೆ, ನಕಲಿಯಲ್ಲಿ ಬಾಯಿಯೇ ಬಿಡುವುದಿಲ್ಲ. ಫೋನ್ ನೆನಪಿಟ್ಟುಕೊಂಡ ಪಾಸ್‌ವರ್ಡ್ ಕೂಡ ಹಾಗೆಯೇ. ಯಾವಾಗಲೂ ತಾನಾಗಿ ತುಂಬಿಕೊಳ್ಳುತ್ತಿದ್ದದ್ದು ಇವತ್ತು ತುಂಬಿಕೊಳ್ಳಲಿಲ್ಲ ಅಂದರೆ ವಿಳಾಸ ಮತ್ತೊಮ್ಮೆ ನೋಡಿ.

ಲಿಂಕ್ ಒತ್ತಿಬಿಟ್ಟೆ. ಏನಾಗುತ್ತದೆ?

ಒತ್ತಿ ಏನೂ ಬರೆಯದೆ, ಏನೂ ಇನ್‌ಸ್ಟಾಲ್ ಮಾಡದೆ ವಾಪಸ್ ಬಂದಿದ್ದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಫೋನ್ ಅಪ್‌ಡೇಟ್ ಆಗಿದೆಯಾ ನೋಡಿಕೊಳ್ಳಿ.

ಪಾಸ್‌ವರ್ಡ್ ಕೊಟ್ಟಿದ್ದರೆ ತಕ್ಷಣ ಬದಲಿಸಿ. ಅದೇ ಪಾಸ್‌ವರ್ಡ್ ಬೇರೆ ಕಡೆ ಇಟ್ಟಿದ್ದರೆ ಅಲ್ಲೂ ಬದಲಿಸಿ. ಮೇಲ್ ಖಾತೆಯೇ ಹೋಗಿದ್ದರೆ, ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ‘ಫಾರ್ವರ್ಡಿಂಗ್’ ಮತ್ತು ‘ಫಿಲ್ಟರ್’ ನೋಡಿ. ನಿಮಗೆ ಬರುವ ಮೇಲ್‌ಗಳು ತನಗೂ ಬರುವ ಹಾಗೆ ಕಳ್ಳ ಅಲ್ಲಿ ಒಂದು ಕಾಲುವೆ ತೋಡಿ ಹೋಗಿರಬಹುದು. ಪಾಸ್‌ವರ್ಡ್ ಬದಲಿಸಿದರೂ ಆ ಕಾಲುವೆ ಹರಿಯುತ್ತಲೇ ಇರುತ್ತದೆ.

ದುಡ್ಡೇ ಹೋಯಿತು. ಮೊದಲು ಎಲ್ಲಿಗೆ ಹೋಗಲಿ?

ಎಲ್ಲಿಗೂ ಹೋಗಬೇಡಿ, ಕೂತಲ್ಲಿಂದ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ನಿಮಿಷಗಳಲ್ಲಿ ಹಾರುತ್ತದೆ. ಅದು ಎಲ್ಲಾದರೂ ಇನ್ನೂ ಕೂತಿದ್ದರೆ ಅಲ್ಲೇ ತಡೆಹಿಡಿಯಲು ಆಗುತ್ತದೆ. ಮಾರನೇ ದಿನ ಹೇಳಿದರೆ ಎಟಿಎಂನಿಂದ ಹೊರಗೆ ಬಂದಿರುತ್ತದೆ. ಆಮೇಲೆ ಬ್ಯಾಂಕಿಗೆ ಹೇಳಿ ಕಾರ್ಡ್, ನೆಟ್ ಬ್ಯಾಂಕಿಂಗ್ ನಿಲ್ಲಿಸಿ, ದೂರಿನ ನಂಬರ್ ಬರೆದುಕೊಳ್ಳಿ. ‘ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್’ನಲ್ಲಿ ದೂರು ಹಾಕಿ. ಸೈಬರ್ ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೂ ಹೋಗಬಹುದು. ಬೇರೆಯವರ ವೇಷದಲ್ಲಿ ಕಂಪ್ಯೂಟರ್ ಬಳಸಿ ಮೋಸ ಮಾಡಿದರೆ ಐಟಿ ಕಾಯ್ದೆಯ 66ಡಿ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ.

ಮೇಲ್ ಅಳಿಸಬೇಡಿ. ಸಿಟ್ಟಿಗೆ ಅಳಿಸಿಬಿಟ್ಟು ಬರುತ್ತಾರೆ, ಸಾಕ್ಷಿ ಅದೇ.

ಬ್ಯಾಂಕ್ ದುಡ್ಡು ವಾಪಸ್ ಕೊಡುತ್ತದಾ?

ತಪ್ಪು ಎಲ್ಲಿ ಎಂಬುದರ ಮೇಲೆ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಪ್ರಕಾರ, ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಬೇರೆಲ್ಲೋ ಸೋರಿ ದುಡ್ಡು ಹೋಗಿದ್ದರೆ, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. ಪಾಸ್‌ವರ್ಡ್, ಒಟಿಪಿ ನೀವೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು. ತಿಳಿಸಿದ ನಂತರ ಹೋದದ್ದು ಬ್ಯಾಂಕಿನದು. ನಾಚಿಕೆಯಿಂದ ಎರಡು ದಿನ ಮುಚ್ಚಿಟ್ಟು ಬರುವವರನ್ನು ಕಂಡರೆ ಅದಕ್ಕೇ ಹೊಟ್ಟೆ ಉರಿಯುತ್ತದೆ.

ಮೇಲ್ ನಿಮ್ಮ ಅಂಗಡಿಗೆ ತಂದು ತೋರಿಸಬಹುದಾ?

ತನ್ನಿ. ದುಡ್ಡು ಬೇಡ. ಪಾಸ್‌ವರ್ಡ್ ಮಾತ್ರ ನನಗೂ ಹೇಳಬೇಡಿ, ನೀವೇ ಟೈಪ್ ಮಾಡಿ. ಮಧ್ಯಾಹ್ನ ಮೂರರ ಮೇಲೆ ಬನ್ನಿ, ಬೆಳಿಗ್ಗೆ ಪಹಣಿಯವರ ಸಾಲು ರಸ್ತೆವರೆಗೂ ಇರುತ್ತದೆ.